‘ದಿ ಥಾರ್ನ್’: ಮಾರ್ಥಾ ರೇ ತನ್ನ ಮಗುವನ್ನು ಕೊಂದಳೇ?

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ‘ದಿ ಥಾರ್ನ್’ (ಮುಳ್ಳಿನ ಮರ) ಎಂಬ ಪದ್ಯ ಇದೆ. ‘ಮೋಸಹೋದ ಹೆಣ್ಣೊಬ್ಬಳು ಹೆತ್ತ ಮಗುವನ್ನೇ ಕೊಂದು ಪಶ್ಚಾತ್ತಾಪದಲ್ಲಿ ಬೇಯುವ ಕಥೆ’ ಎಂದು ಗೈಡೊಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಪದ್ಯ ಓದಿದರೆ ನನಗೆ ಅಷ್ಟು ಖಚಿತವಾಗಿ ಅನ್ನಿಸುವುದಿಲ್ಲ. ಕೊಂದಿಲ್ಲ ಎನ್ನುವುದಕ್ಕೂ ಆಧಾರ ಸಿಗುತ್ತಿಲ್ಲ. ಕಥೆ ಹೇಳುವವನು ಹೇಳಿದ್ದನ್ನೇ ಹೇಳುತ್ತಾನೆ. ಇದು ಕವಿಯ ದೋಷವೋ, ಬೇಕೆಂದೇ ಮಾಡಿದ್ದೋ? ಕೊನೆಯಲ್ಲಿ ಪಾಚಿಯ ದಿಬ್ಬ ಅಲುಗಾಡುವುದು ದೆವ್ವದ ಕಾಟವೇ? ನನ್ನ ಪುಸ್ತಕದಲ್ಲಿ ಕೊಳದ ಅಳತೆ ಹೇಳುವ ಸಾಲುಗಳಿವೆ, ವಿದ್ಯಾರ್ಥಿಗಳ ಮೊಬೈಲಿನಲ್ಲಿ ಆ ಜಾಗದಲ್ಲಿ ಬೇರೆ ಸಾಲುಗಳಿವೆ. ಇದೆಲ್ಲದರ ಮೇಲೆ ಒಬ್ಬ ಹುಡುಗ, ‘ಇಷ್ಟು ಜನ ಹೇಳ್ತಾರೆ ಅಂದ್ಮೇಲೆ ಏನಾದ್ರೂ ಇರಲೇಬೇಕಲ್ವಾ ಮೇಡಂ? ಬೆಂಕಿ ಇಲ್ದೆ ಹೊಗೆ ಆಡುತ್ತಾ?’ ಎಂದು ಕೇಳಿದ. ಏನು ಹೇಳಬೇಕೋ ತೋಚಲಿಲ್ಲ.

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ, ಗೈಡಿನ ಸಾಲು ತಪ್ಪು. ಹಾಗೆಂದು ‘ಕೊಂದಿಲ್ಲ’ ಎಂದು ತಿದ್ದಿ ಬರೆಸಿದರೂ ಅದೇ ತಪ್ಪಾಗುತ್ತದೆ. ಮಗು ಹುಟ್ಟಿತೋ ಇಲ್ಲವೋ, ಹುಟ್ಟಿದ್ದರೆ ಜೀವಂತವಾಗಿತ್ತೋ ಸತ್ತಿತ್ತೋ ಹೇಳಬಲ್ಲವರು ಯಾರೂ ಇಲ್ಲ ಎಂದು ಪದ್ಯವೇ ಬಾಯಿಬಿಟ್ಟು ಹೇಳುತ್ತದೆ. ಹುಟ್ಟಿದ್ದೇ ಗೊತ್ತಿಲ್ಲದ ಮಗುವನ್ನು ಹೇಗೆ ಕೊಂದಳೆಂದು ಊರು ಎರಡು ಬಗೆಯಲ್ಲಿ ವರ್ಣಿಸುತ್ತದೆ. ಪದ್ಯದ ವಸ್ತು ಇರುವುದು ಆ ಅಂತರದಲ್ಲಿ.

ಪದ್ಯ ಓದಿರದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಟ್ಟದ ನೆತ್ತಿಯಲ್ಲಿ ಎರಡು ವರ್ಷದ ಮಗುವಿನಷ್ಟೇ ಎತ್ತರದ, ಎಲೆಯೂ ಮುಳ್ಳೂ ಇಲ್ಲದ, ಹಾಥಾರ್ನ್ ಎಂಬ ಮುಳ್ಳುಜಾತಿಯ ಮುದಿ ಮರ. ಪಕ್ಕದಲ್ಲಿ ಒಂದು ಕೆಸರು ಕೊಳ, ಅರ್ಧ ಅಡಿ ಎತ್ತರದ ಬಣ್ಣಬಣ್ಣದ ಪಾಚಿಯ ದಿಬ್ಬ. ಅಲ್ಲಿ ಕೆಂಪು ನಿಲುವಂಗಿ ಹೊದ್ದ ಮಾರ್ಥಾ ರೇ ಹಗಲೂ ರಾತ್ರಿಯೂ ಕೂತು ‘ಅಯ್ಯೋ ನನ್ನ ಗೋಳೇ’ ಎಂದು ಅಳುತ್ತಾಳೆ. ಇಪ್ಪತ್ತೆರಡು ವರ್ಷಗಳ ಹಿಂದೆ ಸ್ಟೀಫನ್ ಹಿಲ್ ಅವಳೊಡನೆ ಮದುವೆಯ ದಿನ ಗೊತ್ತುಮಾಡಿ, ಅದೇ ದಿನ ಬೇರೊಬ್ಬಳ ಕೈಹಿಡಿದ. ಅವಳು ಬಸುರಿಯಾಗಿದ್ದಳಂತೆ. ಮಿಕ್ಕದ್ದೆಲ್ಲ ಊರಿನ ಮಾತು.

ಮೊದಲು ನಿರೂಪಕನ ವಿಚಾರ ತೀರಿಸೋಣ, ಅದು ಬಗೆಹರಿಯದೆ ಮಿಕ್ಕದ್ದು ಬಗೆಹರಿಯುವುದಿಲ್ಲ. ಇಲ್ಲಿ ಮಾತಾಡುತ್ತಿರುವವನು ವರ್ಡ್ಸ್‌ವರ್ತ್ ಅಲ್ಲ. 1798ರಲ್ಲಿ ಈ ಪದ್ಯವಿರುವ ಸಂಕಲನ ‘ಲಿರಿಕಲ್ ಬ್ಯಾಲಡ್ಸ್’ ಅಚ್ಚಾದಾಗಲೇ ಮುನ್ನುಡಿಯಲ್ಲಿ, ಈ ಪದ್ಯ ಕವಿಯ ಸ್ವಂತ ಬಾಯಿಂದ ಬಂದದ್ದಲ್ಲ, ವಾಚಾಳಿ ನಿರೂಪಕನ ಸ್ವಭಾವ ಕಥೆಯಲ್ಲೇ ಕಾಣುತ್ತದೆ ಎಂದು ಹೇಳಿತ್ತು. ಓದುಗರಿಗೆ ಅದು ಸಾಕಾಗಲಿಲ್ಲ. 1800ರ ಆವೃತ್ತಿಗೆ ಕವಿ ಉದ್ದನೆಯ ಟಿಪ್ಪಣಿಯನ್ನೇ ಬರೆದ: ಸಣ್ಣ ವ್ಯಾಪಾರಿ ಹಡಗೊಂದರ ಕ್ಯಾಪ್ಟನ್ ಎಂದುಕೊಳ್ಳಿ, ನಡುವಯಸ್ಸು ದಾಟಿದವ, ವರ್ಷಾಶನದ ಮೇಲೆ ಬದುಕುತ್ತ ತನ್ನದಲ್ಲದ ಊರಿನಲ್ಲಿ ನೆಲೆಸಿದವ. ಮಾಡಲು ಕೆಲಸವಿಲ್ಲ, ಆದ್ದರಿಂದ ಕೇಳಿದ್ದನ್ನೆಲ್ಲ ನಂಬುತ್ತಾನೆ, ಸಿಕ್ಕಿದವರೊಡನೆ ಮಾತಾಡುತ್ತಾನೆ, ಮೂಢನಂಬಿಕೆಗೆ ಬೇಗ ಒಲಿಯುತ್ತಾನೆ. ಪದ್ಯದೊಳಗೆ ಅವನ ಕೈಯಲ್ಲಿ ದುರ್ಬೀನು ಯಾಕಿದೆ, ಬೆಟ್ಟ ಹತ್ತಿದ್ದು ಸಮುದ್ರ ನೋಡಲು ಯಾಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಹೇಳಿದ್ದನ್ನೇ ಹೇಳುವುದು ದೋಷವೇ? 1798ರ ಅಕ್ಟೋಬರಿನಲ್ಲೇ ಕವಿ ರಾಬರ್ಟ್ ಸೌದಿ ವಿಮರ್ಶೆ ಬರೆದು, ಬೇಸರ ಹುಟ್ಟಿಸುವ ವಾಚಾಳಿಯ ವೇಷ ಹಾಕಿದವನು ತಾನೂ ಬೇಸರ ಹುಟ್ಟಿಸುತ್ತಾನೆ ಎಂದ. ವರ್ಡ್ಸ್‌ವರ್ತ್‌ನ ಗೆಳೆಯ, ಕವಿ ಕೋಲ್‌ರಿಜ್ 1817ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದ. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ನಡುವಿನ ಕೆಲವು ಸ್ಟಾಂಜಾಗಳು (ಪದ್ಯದ ಖಂಡಗಳು) ನಿಜಕ್ಕೂ ತೂಕಡಿಸುತ್ತವೆ. ಆದರೆ ಕವಿಯ ವಾದವನ್ನೂ ತರಗತಿಯ ಮುಂದೆ ಇಡಿ: ತನ್ನ ಭಾವಕ್ಕೆ ತನ್ನ ಮಾತು ಸಾಲದು ಎಂದು ತಿಳಿದವನು ಅದೇ ಮಾತನ್ನು ಬಿಡದೆ ಹಿಡಿದುಕೊಳ್ಳುತ್ತಾನೆ. ಈ ಮನುಷ್ಯನನ್ನು ಏನೋ ಕಾಡುತ್ತಿದೆ, ಏನೆಂದು ಅವನಿಗೂ ಗೊತ್ತಿಲ್ಲ. ‘ಮರ, ಕೊಳ, ದಿಬ್ಬ’ ಎಂಬ ಮೂರನ್ನೇ ಮತ್ತೆಮತ್ತೆ ಎಣಿಸುತ್ತಾನೆ.

ಇನ್ನು ಓದುವ ಕ್ರಮ. 1798ರ ಪಾಠದಲ್ಲಿ, ಅಂದರೆ ಮೊದಲು ಅಚ್ಚಾದ ರೂಪದಲ್ಲಿ, 23 ಸ್ಟಾಂಜಾ, ಒಂದೊಂದರಲ್ಲಿ 11 ಸಾಲು. ಎಲ್ಲವನ್ನೂ ಅಚ್ಚು ಹಾಕಿ ಕೊಟ್ಟು, ಪ್ರತಿ ಹೇಳಿಕೆಯ ಪಕ್ಕದಲ್ಲಿ ನಾಲ್ಕರಲ್ಲಿ ಒಂದು ಗುರುತು ಹಾಕಿಸಿ: ‘ಕಂಡದ್ದು’, ‘ಕೇಳಿದ್ದು’, ‘ಊಹೆ’, ‘ಆಣೆ’. ಎರಡು ತರಗತಿ ಹಿಡಿಯುತ್ತದೆ. ಮೊದಲನೆಯದರಲ್ಲಿ ಹತ್ತನೆಯ ಸ್ಟಾಂಜಾವರೆಗೆ ಹೋದರೆ ಸಾಕು.

‘ಕಂಡದ್ದು’ ಎಂಬ ಪಟ್ಟಿ ವಿಚಿತ್ರವಾಗಿರುತ್ತದೆ. ದಾರಿಯಿಂದ ಮರಕ್ಕೆ ಐದು ಗಜವೂ ಇಲ್ಲ, ಅಲ್ಲಿಂದ ಕೊಳಕ್ಕೆ ಮೂರು ಗಜ, ಕೊಳ ಮೂರಡಿ ಉದ್ದ ಎರಡಡಿ ಅಗಲ, ‘ನಾನೇ ಅಳೆದಿದ್ದೇನೆ’. ಯಾವ ಪ್ರಯೋಜನಕ್ಕೂ ಬಾರದ ಕಡೆ ಇಂಚು ಲೆಕ್ಕ, ಒಬ್ಬಳ ಜೀವಕ್ಕೆ ಸಂಬಂಧಪಟ್ಟ ಕಡೆ ‘ಅಂತೆ’. ಅಳತೆ ಕೊಟ್ಟವನು ಸುಳ್ಳು ಹೇಳಲಾರ ಎಂದು ಕೇಳುವವರಿಗೆ ಅನ್ನಿಸುತ್ತದೆ. ಗಾಳಿಮಾತು ಊರೂರು ಸುತ್ತುವುದು ಇಂಥ ಪುಟ್ಟ ಖಚಿತ ವಿವರಗಳ ಹೆಗಲೇರಿಯೇ. ಅಳತೆಯ ಈ ಎರಡು ಸಾಲುಗಳನ್ನು ಜನ ಎಷ್ಟು ಗೇಲಿ ಮಾಡಿದರೆಂದರೆ 1820ರಲ್ಲಿ ಕವಿ ಅವನ್ನು ಕಿತ್ತುಹಾಕಿ, ಕೊಳ ಚಿಕ್ಕದು, ಬಿಸಿಲಿಗೂ ಒಣಗಾಳಿಗೂ ಬಯಲಾಗಿದೆ ಎಂಬ ನಯವಾದ ಸಾಲುಗಳನ್ನು ಹಾಕಿದ. ನಿಮ್ಮ ಪುಸ್ತಕಕ್ಕೂ ಮೊಬೈಲಿಗೂ ಇರುವ ವ್ಯತ್ಯಾಸ ಇದೇ. ಪದ್ಯದ ನಡುವೆ ಬರುವ ಊರಿನವನೊಬ್ಬನಿಗೆ ರೈತ ಸಿಂಪ್ಸನ್ ಎಂಬ ಹೆಸರಿದ್ದರೆ ಹಳೆಯ ಪಾಠ, ಅವನ ಜಾಗದಲ್ಲಿ ನರೆಗೂದಲಿನ ವಿಲ್‌ಫ್ರೆಡ್ ಇದ್ದರೆ ತಿದ್ದಿದ ಪಾಠ. ಪಾಠ ಮಾಡಲು 1798ರದ್ದೇ ಒಳ್ಳೆಯದು. ನಯ ಮಾಡುವ ಭರದಲ್ಲಿ ಕವಿ ತನ್ನ ನಿರೂಪಕನ ಗುರುತನ್ನೇ ಕೊಂಚ ಅಳಿಸಿದ್ದಾನೆ.

ಮಾರ್ಥಾಳನ್ನು ಅವನು ಕಂಡದ್ದು? ವಿವರವಾಗಿ ಹೇಳುವುದು ಒಂದೇ ಸಲದ ಭೇಟಿಯನ್ನು. ಊರಿಗೆ ಹೊಸದಾಗಿ ಬಂದ ಕಾಲ, ಅವಳ ಹೆಸರೂ ಕೇಳಿರಲಿಲ್ಲ. ಬೆಟ್ಟದ ಮೇಲೆ ಬಿರುಗಾಳಿ, ಮಳೆ, ಮಂಜು. ಮೊಣಕಾಲಿಗಿಂತ ಮೇಲಿನದು ಏನೂ ಕಾಣದು. ಚಾಚಿದ ಬಂಡೆಯೊಂದು ಕಂಡಂತಾಗಿ ಆಸರೆಗೆ ಓಡಿದ. ಬಂಡೆಯಲ್ಲ, ನೆಲದ ಮೇಲೆ ಕೂತ ಹೆಂಗಸು. ಅವನು ಮಾತಾಡಿಸಲಿಲ್ಲ. ಮುಖ ನೋಡಿದ, ಅಷ್ಟೇ ಸಾಕಾಯಿತು, ತಿರುಗಿಬಿಟ್ಟ, ಅಳು ಕೇಳಿಸಿತು. ಆ ಬಳಿಕ ಎಷ್ಟೋ ಸಲ ಅವಳ ಅಳು ಕೇಳಿದ್ದೇನೆ ಎಂದು ಪದ್ಯದ ಕೊನೆಯಲ್ಲಿ ಹೇಳುತ್ತಾನೆ, ಹತ್ತಿರ ಹೋದೆ ಎಂದು ಎಲ್ಲೂ ಹೇಳುವುದಿಲ್ಲ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಸ್ಟೀಫನ್ ಹಿಲ್‌ನ ಕಥೆಯಲ್ಲಿ. ಅಲ್ಲಿ ಮೊದಲಿಗೆ ‘ಅಂತೆ’ ಇಲ್ಲ, ಆದ್ದರಿಂದ ‘ಕಂಡದ್ದು’ ಎಂದು ಗುರುತು ಹಾಕಿಬಿಡುತ್ತಾರೆ. ಆದರೆ ಆ ಘಟನೆ ನಡೆದಾಗ ಇವನು ಊರಿನಲ್ಲೇ ಇರಲಿಲ್ಲ. ಇವನು ಬರುವ ಹೊತ್ತಿಗೆ ಮಾರ್ಥಾ ಆಗಲೇ ಬೆಟ್ಟದ ಮೇಲೆ ಕೂತಿದ್ದಳು. ಮದುವೆ ಮುರಿದದ್ದೂ ಕೇಳಿದ್ದೇ, ಸಾಕ್ಷಿಯ ಮಾತಲ್ಲ. ಅವಳ ಎಲುಬಿನೊಳಗೆ ಬೆಂಕಿ ಹೊಕ್ಕಿತು ಎನ್ನುವಾಗ ‘ಎನ್ನುತ್ತಾರೆ’, ಬಸಿರಿನ ವಿಚಾರ ಬಂದಾಗ ‘ಹೇಳಿಕೆ’. ಹೊಟ್ಟೆಯೊಳಗಿನ ಮಗುವೇ ತಾಯಿಯ ಬುದ್ಧಿಯನ್ನು ಮರಳಿ ತಂದಿತು ಎಂಬುದು ಕಳೆದ ಕ್ರಿಸ್‌ಮಸ್‌ನಲ್ಲಿ ನಾಲ್ಕು ಜನ ಕೂತು ಮಾತಾಡುವಾಗ ರೈತ ಸಿಂಪ್ಸನ್ ಹೂಡಿದ ವಾದ. ಇಪ್ಪತ್ತು ವರ್ಷ ದಾಟಿದರೂ ಹಬ್ಬದ ಹರಟೆಗೆ ಇವಳ ಬಸಿರೇ ಬೇಕು.

‘ಆಣೆ’ ಎಂಬ ಪಟ್ಟಿಯನ್ನು ಬಿಡಬೇಡಿ. ಪದ್ಯದಲ್ಲಿ ಮೊದಲು ಬರುವ ಆಣೆ ಸ್ಟೀಫನ್‌ನದು: ಮಾರ್ಥಾಳಿಗೆ ಮಾತು ಕೊಟ್ಟು ಇನ್ನೊಬ್ಬಳಿಗೂ ಆಣೆಯಿಟ್ಟ. ಆಮೇಲೆ ಬೆಟ್ಟದ ಮೇಲಿನ ಕೂಗು ಸತ್ತವರದೆಂದು ಹಲವರ ಆಣೆ, ಅವಳು ಅಲ್ಲಿ ಕೂರುವುದು ನಿಜವೆಂದು ನಿರೂಪಕನ ಆಣೆ, ಅವಳನ್ನು ನ್ಯಾಯಾಲಯಕ್ಕೆ ಎಳೆಯುತ್ತೇವೆಂದು ಕೆಲವರ ಆಣೆ. ಮೊದಲನೆಯದು ಏನಾಯಿತೆಂದು ತಿಳಿದ ಮೇಲೆ ಮಿಕ್ಕವುಗಳಿಗೆ ಎಷ್ಟು ಬೆಲೆ ಕೊಡಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಿ.

ಈಗ ಪದ್ಯದ ಅತಿ ಸೂಕ್ಷ್ಮ ಕೆಲಸಕ್ಕೆ ಬರೋಣ, ಗೈಡುಗಳು ಇದನ್ನು ಮುಟ್ಟುವುದಿಲ್ಲ. ಐದನೆಯ ಸ್ಟಾಂಜಾದಲ್ಲಿ ದಿಬ್ಬವು ‘ಅಳತೆಯಲ್ಲಿ ಹಸುಗೂಸಿನ ಗೋರಿಯಂತಿದೆ’. ಬರೀ ಅಳತೆಯಲ್ಲಿ. ಮಾರ್ಥಾಳ ಸುದ್ದಿ ಇನ್ನೂ ಬಂದೇ ಇಲ್ಲ. ಆರನೆಯದರಲ್ಲಿ ಮತ್ತೆ ಅದೇ ಮಾತು. ಒಂಬತ್ತನೆಯದರಲ್ಲಿ ‘ಹಸುಗೂಸಿನ ಗೋರಿಯಂಥ ದಿಬ್ಬ’ ಎನ್ನುತ್ತಾನೆ. ‘ಅಳತೆಯಲ್ಲಿ’ ಎಂಬುದು ಸದ್ದಿಲ್ಲದೆ ಬಿದ್ದುಹೋಯಿತು. ಕೊನೆಗೆ ‘ಮಗುವನ್ನು ಅಲ್ಲೇ ಹೂಳಿದ್ದಾರೆ’ ಎಂದು ಎಲ್ಲರೂ ಒಪ್ಪುತ್ತಾರೆ. ಹೋಲಿಕೆ ಹೀಗೆ ನಮ್ಮ ಕಣ್ಣೆದುರೇ ಸಂಗತಿಯಾಗುತ್ತದೆ.

ಮರಕ್ಕೂ ಇದೇ ಗತಿ. ಎರಡನೆಯ ಸ್ಟಾಂಜಾದಲ್ಲಿ ಪಾಚಿ ಮರವನ್ನು ಎಷ್ಟು ಬಿಗಿಯಾಗಿ ತಬ್ಬಿದೆಯೆಂದರೆ, ಅದನ್ನು ನೆಲಕ್ಕೆಳೆಯುವ ಸ್ಪಷ್ಟ ಉದ್ದೇಶ ಅದಕ್ಕಿದೆ ಎಂದು ‘ನೀವು ಅಂದೀರಿ’. ಕೊನೆಯ ಸ್ಟಾಂಜಾದಲ್ಲಿ ‘ಅಂದೀರಿ’ ಇಲ್ಲ: ಪಾಚಿ ಮರವನ್ನು ನೆಲಕ್ಕೆಳೆಯಲು ಹೆಣಗುತ್ತಿರುವುದು ‘ಸ್ಪಷ್ಟ’. ಪಾಚಿಗೆ ಉದ್ದೇಶ ಕಟ್ಟುವ ಮನಸ್ಸೇ ಅಳುವ ಹೆಂಗಸಿಗೂ ಉದ್ದೇಶ ಕಟ್ಟುತ್ತದೆ. ಪದ್ಯದಲ್ಲಿ ಪ್ರಕೃತಿಗೆ ಇರುವ ಮುಖ್ಯ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ. ಪಾಚಿ ಎಂದರೆ ಊರು, ಮರ ಎಂದರೆ ಮಾರ್ಥಾ ಎಂದು ಸಮೀಕರಣ ಬರೆಸಬಹುದು, ಪರೀಕ್ಷೆಗೆ ಅನುಕೂಲವೂ ಹೌದು. ಆದರೆ ಅಷ್ಟಕ್ಕೇ ನಿಂತರೆ, ಆ ದಿಬ್ಬ ಅಷ್ಟೊಂದು ಚೆಲುವಾಗಿ ಯಾಕಿದೆ ಎಂಬುದಕ್ಕೆ ಉತ್ತರ ಉಳಿಯುವುದಿಲ್ಲ.

ಆ ಚೆಲುವು ಎಲ್ಲಿಂದ ಬಂತೆಂದು ತಿಳಿಯಲು ಮೂಲದ ಕಡೆ ನೋಡಬೇಕು. ಜರ್ಮನ್ ಕವಿ ಬ್ಯೂರ್ಗರ್‌ನ ಲಾವಣಿಯೊಂದು 1796ರಲ್ಲಿ ಇಂಗ್ಲಿಷಿಗೆ ಬಂದಿತ್ತು. ಅದರಲ್ಲಿ ಪಾದ್ರಿಯ ಮಗಳು ಮೋಸಹೋಗಿ, ಮಗುವನ್ನು ಕೊಂದು, ಗಲ್ಲಿಗೇರುತ್ತಾಳೆ. ಕೊಳದ ಬಳಿ ಮಗುವನ್ನು ಹೂಳಿದ ಜಾಗದಲ್ಲಿ ಹುಲ್ಲೂ ಬೆಳೆಯುವುದಿಲ್ಲ. ‘ಕ್ರೂರ ತಾಯಿ’ ಎಂದು ಹೆಸರಾದ ಹಳೆಯ ಸ್ಕಾಟಿಷ್ ಲಾವಣಿಯಲ್ಲೂ ಹೆರುವವಳು ಮುಳ್ಳಿನ ಮರಕ್ಕೆ ಬೆನ್ನುಕೊಡುತ್ತಾಳೆ. ಅಂದಿನ ಓದುಗನಿಗೆ ಮರ, ಕೊಳ, ಪುಟ್ಟ ಗೋರಿ ಎಂದರೆ ಕಥೆ ಆಗಲೇ ಗೊತ್ತು. ವರ್ಡ್ಸ್‌ವರ್ತ್ ಈ ಸಾಮಾನುಗಳನ್ನೆಲ್ಲ ಇಟ್ಟುಕೊಂಡು ಕೊಲೆಯ ದೃಶ್ಯವನ್ನು ಮಾತ್ರ ತೆಗೆದುಬಿಟ್ಟ, ಬಂಜರು ಗೋರಿಯ ಜಾಗದಲ್ಲಿ ಬೆಟ್ಟದ ಅತಿ ಚೆಂದದ ವಸ್ತುವನ್ನು ಇಟ್ಟ. ಕೊಲೆಯ ಕಥೆಯನ್ನು ನಾವೇ ಒದಗಿಸುತ್ತೇವೆ ಎಂಬುದು ಅವನಿಗೆ ಗೊತ್ತಿತ್ತು. ನಮ್ಮ ‘ಕೆರೆಗೆ ಹಾರ’ದಂಥ ಕಥನಗೀತೆ ಕೇಳಿ ಬೆಳೆದವರಿಗೆ ಇಲ್ಲಿ ಇನ್ನೊಂದು ತೊಡಕು: ಅಲ್ಲಿ ಹಾಡುವ ದನಿಗೆ ಎಲ್ಲವೂ ಗೊತ್ತು, ಅದನ್ನು ನಂಬಿ ಅಳಬಹುದು. ಆ ನಂಬಿಕೆಯನ್ನು ಇಲ್ಲಿಗೆ ತಂದರೆ ಮೋಸಹೋಗುತ್ತೇವೆ.

ಕೆಲವು ತಪ್ಪು ಕಲ್ಪನೆಗಳನ್ನು ಬೇಗ ಮುಗಿಸುತ್ತೇನೆ. ಇದು ನಿಜವಾಗಿ ನಡೆದ ಘಟನೆಯಲ್ಲ. ಸಾಮರ್ಸೆಟ್ಟಿನ ಕ್ವಾಂಟಾಕ್ ಬೆಟ್ಟದ ಮೇಲೆ, ಎಷ್ಟೋ ಸಲ ಗಮನಿಸದೆ ದಾಟಿಹೋಗಿದ್ದ ಮರವೊಂದು ಬಿರುಗಾಳಿಯ ದಿನ ಕಣ್ಣಿಗೆ ಬಿತ್ತು. ಬಿರುಗಾಳಿ ಮಾಡಿದ್ದನ್ನು ನಾನೂ ಕಟ್ಟುಕಥೆಯಿಂದ ಮಾಡಬಹುದೇ ಎಂದುಕೊಂಡೆ ಎಂದು ಕವಿಯೇ ಹೇಳಿದ್ದಾನೆ. ತಂಗಿ ಡೊರೊತಿಯ ದಿನಚರಿಯಲ್ಲಿ 1798ರ ಮಾರ್ಚ್ 19ರಂದು ಆಲಿಕಲ್ಲಿನ ಮಳೆಯೂ ಈ ಮರದ ಬಗ್ಗೆ ಅಣ್ಣ ಬರೆದ ಸಾಲುಗಳೂ ದಾಖಲಾಗಿವೆ. ಪಾಚಿಯ ಕೆಂಪು ಮಗುವಿನ ರಕ್ತವಲ್ಲ. ಅಂಥ ಬಯಲು ಬೆಟ್ಟಗಳಲ್ಲಿ ಬಟ್ಟಲಿನಾಕಾರದ, ಕೆಂಪು ತುದಿಯ ಕಲ್ಲುಹೂವಿನ ಜಾತಿಗಳು ಸಹಜವಾಗಿ ಬೆಳೆಯುತ್ತವೆ. ಐದನೆಯ ಸ್ಟಾಂಜಾದಲ್ಲೇ, ರಕ್ತದ ಮಾತು ಬರುವ ಎಷ್ಟೋ ಮೊದಲು, ನಿರೂಪಕ ಅದೇ ಕೆಂಪನ್ನು ಕಣ್ಣಿಗೆ ಹಬ್ಬವೆಂಬಂತೆ ಮೆಚ್ಚಿದ್ದಾನೆ. ಕೆಂಪು ನಿಲುವಂಗಿಯೂ ಪಾಪದ ಗುರುತಲ್ಲ, ಆ ಕಾಲದ ಇಂಗ್ಲೆಂಡಿನ ಹಳ್ಳಿ ಹೆಂಗಸರು ಹೊದೆಯುತ್ತಿದ್ದದ್ದೇ ಅದು. ಕೊಳವನ್ನು ದಿಟ್ಟಿಸಿದರೆ ಮಗುವಿನ ಮುಖ ಕಾಣುತ್ತದೆ, ನೀವು ನೋಡಿದಾಗಲೆಲ್ಲ ಅದೂ ನಿಮ್ಮನ್ನು ನೋಡುತ್ತದೆ ಎನ್ನುತ್ತಾರೆ. ಎರಡಡಿ ಅಗಲದ ನೀರಿಗೆ ಬಗ್ಗಿದವನನ್ನು ತಿರುಗಿ ನೋಡುವ ಮುಖ ಯಾರದೆಂದು ಹುಡುಗರೇ ಹೇಳಲಿ.

ಮಾರ್ಥಾ ರೇ ಎಂಬ ಹೆಸರಿನ ಬಗ್ಗೆ ಎಚ್ಚರ ಬೇಕು. ಅದೇ ಹೆಸರಿನ ಮಹಿಳೆ 1779ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿ ಜೇಮ್ಸ್ ಹ್ಯಾಕ್‌ಮನ್ ಎಂಬವನಿಂದ ಕೊಲೆಯಾಗಿದ್ದಳು. ಅವಳ ಮೊಮ್ಮಗ, ಪುಟ್ಟ ಬೇಸಿಲ್, ಈ ಪದ್ಯ ಬರೆಯುವಾಗ ವರ್ಡ್ಸ್‌ವರ್ತ್ ಮನೆಯಲ್ಲೇ ಬೆಳೆಯುತ್ತಿದ್ದ. ಕುತೂಹಲದ ಸಂಗತಿ ಎಂದು ತಿಳಿಸಿ. ಅದರ ಮೇಲೆ ಅರ್ಥದ ಮಹಡಿ ಎತ್ತಬೇಡಿ.

ಅಲುಗಾಡುವ ದಿಬ್ಬಕ್ಕೆ ಬರುತ್ತೇನೆ. ಕೆಲವರು ಗುದ್ದಲಿ ಹಿಡಿದು ಎಲುಬು ಹುಡುಕಲು ಹೊರಟರು, ದಿಬ್ಬ ಅವರ ಕಣ್ಣೆದುರೇ ಕದಲಿತು, ಸುತ್ತ ಐವತ್ತು ಗಜ ಹುಲ್ಲು ನಡುಗಿತು. ಇದನ್ನು ನಿರೂಪಕ ಕಂಡಿಲ್ಲ, ಗುರುತು ‘ಕೇಳಿದ್ದು’. ಗಾಳಿಯಿರಬಹುದು, ಆ ನೆತ್ತಿಯಲ್ಲಿ ಗಾಳಿ ಎಂಥದೆಂದು ಪದ್ಯ ಸಾಕಷ್ಟು ಸಲ ಹೇಳಿದೆ. ಅಗೆಯಲು ಹೋದವರ ಅಂಜಿಕೆಯಿರಬಹುದು. ಒಂಟಿ ಹಾಥಾರ್ನ್ ಮರದ ತಂಟೆಗೆ ಹೋದರೆ ಕೇಡು ಎಂಬ ನಂಬಿಕೆ ಬ್ರಿಟಿಷ್ ದ್ವೀಪಗಳಲ್ಲಿ ಹಳೆಯದು. ಮಣ್ಣೇ ಅವಳ ಪರವಾಗಿ ನಿಂತಿತು ಎಂದೂ ಓದಬಹುದು. ಒಂದನ್ನೇ ಹಿಡಿದು ಬರೆಸಬೇಡಿ, ಆದರೆ ಅಗೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಖಂಡಿತ ಹೇಳಿ. ಇಂಗ್ಲೆಂಡಿನ 1624ರ ಕಾನೂನಿನ ಪ್ರಕಾರ ಮದುವೆಯಾಗದ ಹೆಂಗಸು ಹೆರಿಗೆಯನ್ನೂ ಸತ್ತ ಮಗುವನ್ನೂ ಮುಚ್ಚಿಟ್ಟರೆ ಅವಳೇ ಕೊಲೆಗಾತಿ. ಮಗು ಸತ್ತೇ ಹುಟ್ಟಿತ್ತು ಎಂಬುದಕ್ಕೆ ಒಬ್ಬ ಸಾಕ್ಷಿಯಾದರೂ ಬೇಕಿತ್ತು, ಇಲ್ಲವಾದರೆ ನೇಣು. ಅದು ರದ್ದಾದದ್ದು 1803ರಲ್ಲಿ. ಕಾಲ ಕಳೆದಂತೆ ನ್ಯಾಯಾಲಯಗಳು ಅದನ್ನು ಮೊದಲಿನಷ್ಟು ಬಿಗಿಯಾಗಿ ಹಿಡಿಯುತ್ತಿರಲಿಲ್ಲ, ಆದರೆ ಪದ್ಯ ಬರೆದಾಗ ಕಾನೂನು ಪುಸ್ತಕದಲ್ಲೇ ಇತ್ತು. ಎಲುಬು ಸಿಕ್ಕಿದರೆ ಸಾಕಿತ್ತು, ಅದು ಹೇಗೆ ಸತ್ತಿತೆಂದು ಕೇಳುವ ಅಗತ್ಯವೂ ಇರಲಿಲ್ಲ.

ಹಾಗಾದರೆ ಯಾವ ಓದನ್ನು ಆರಿಸಬೇಕು? ಶಿಶುಹತ್ಯೆಯ ದುರಂತ ಎಂದು ಓದುವುದು ಸುಲಭ, ಆದರೆ ಊರಿನ ತೀರ್ಪಿಗೆ ನಾವೂ ರುಜು ಹಾಕಿದಂತಾಗುತ್ತದೆ. ಇದಕ್ಕೆ ಎದುರಾಗಿ 1957ರಲ್ಲಿ ಸ್ಟೀಫನ್ ಪ್ಯಾರಿಷ್ ಎಂಬ ವಿದ್ವಾಂಸರು ಪದ್ಯವನ್ನು ನಾಟಕೀಯ ಸ್ವಗತವೆಂದು, ಅಂದರೆ ಪಾತ್ರವೊಂದರ ಮಾತು ಅದರ ಮನಸ್ಸನ್ನೇ ಬಯಲುಮಾಡುವ ಪದ್ಯವೆಂದು, ಓದಿ, ಅದರ ಕೇಂದ್ರ ಘಟನೆಗೆ ನಿರೂಪಕನ ಕಲ್ಪನೆಯ ಹೊರಗೆ ಅಸ್ತಿತ್ವವೇ ಇರಲಿಕ್ಕಿಲ್ಲ ಎಂದು ವಾದಿಸಿದರು. ಓದುಗರ ಗಮನವನ್ನು ನಿರೂಪಕನ ಮೇಲೆ ತಿರುಗಿಸಿದ್ದು ಈ ವಾದದ ದೊಡ್ಡ ಉಪಕಾರ. ಪೂರ್ತಿ ಒಪ್ಪಿದರೆ ಮಾತ್ರ ಕಷ್ಟ: ಮಾರ್ಥಾಳ ದುಃಖವೇ ಮಾಯವಾಗಿ, ಪದ್ಯ ಒಬ್ಬ ಮುದುಕನ ಭ್ರಮೆಯ ಅಧ್ಯಯನವಾಗಿಬಿಡುತ್ತದೆ. ಊರಿನವರು ಹೆಣ್ಣನ್ನು ಮಾತಿನಲ್ಲಿ ಮುಚ್ಚಿದರು, ನಾವು ಸಿದ್ಧಾಂತದಲ್ಲಿ ಮುಚ್ಚಿದಂತಾಯಿತು. ಪ್ರಕೃತಿಯ ಪದ್ಯವೆಂದು ಓದಿದರೆ ಮೊದಲ ಐದು ಸ್ಟಾಂಜಾಗಳಿಗೆ ನ್ಯಾಯ ಸಿಗುತ್ತದೆ, ಮಿಕ್ಕ ಹದಿನೆಂಟಕ್ಕೆ ಸಿಗುವುದಿಲ್ಲ.

ದುಃಖ ನಿಜ, ಅದರ ಕಾರಣ ಯಾರಿಗೂ ಗೊತ್ತಿಲ್ಲ, ಕಾರಣ ಬೇಕೇಬೇಕೆಂಬ ಹಟ ಊರಿಗಿದೆ ಎಂಬ ಓದು ನನಗೆ ಹೆಚ್ಚು ಸರಿಯೆನಿಸುತ್ತದೆ. ಇದಕ್ಕೂ ಒಂದು ಅಪಾಯವಿದೆ. ‘ಏನೂ ಹೇಳಲಾಗದು’ ಎಂದು ವಿದ್ಯಾರ್ಥಿಗಳು ಒಂದೇ ಸಾಲು ಬರೆದು ಕೈಮುಗಿದುಬಿಡುತ್ತಾರೆ. ಹಾಗಾಗದಿರಲು ಒಂಬತ್ತನೆಯ ಸ್ಟಾಂಜಾವನ್ನು ನಿಧಾನವಾಗಿ ಓದಿಸಿ. ಆ ಜಾಗ ನೋಡಬೇಕೆಂದರೆ ಅವಳ ಮನೆಯ ಮುಂದೆ ಹಾದುಹೋಗಿ, ಬಾಗಿಲು ಮುಚ್ಚಿರುವುದು ಅಪರೂಪ. ಅವಳು ಒಳಗಿದ್ದರೆ ಕೂಡಲೇ ಬೆಟ್ಟಕ್ಕೆ ಹೊರಡಿ ಎನ್ನುತ್ತಾನೆ ನಿರೂಪಕ. ತೆರೆದ ಬಾಗಿಲು, ಒಳಗೆ ಕೂತ ಹೆಂಗಸು. ಇಪ್ಪತ್ತೆರಡು ವರ್ಷ ಊರಿಗೆ ಊರೇ ಅವಳ ಬಗ್ಗೆ ಮಾತಾಡಿದೆ, ಅವಳೊಡನೆ ಒಬ್ಬರು ಮಾತಾಡಿದ ದಾಖಲೆ ಪದ್ಯದಲ್ಲಿಲ್ಲ. ಅವಳಿಗಿರುವುದು ಆ ಗೋಳಿನ ಮಾತು ಮಾತ್ರ. ‘ಈಗ ತಾನೇ ಹುಟ್ಟಿದ ಕೂಸನ್ನು ಹಾಗೆ ಕೊಲ್ಲುವುದೆಂದರೆ! ಅವಳಿಂದಾಗದು ಎನಿಸುತ್ತದೆ’ ಎಂದು ನಿರೂಪಕ ಒಮ್ಮೆ ಅವಳ ಪರ ಮಾತಾಡುತ್ತಾನೆ, ಅದು ಅವನ ಒಳ್ಳೆಯತನ. ಮುಂದಿನ ಸಾಲಿನಲ್ಲೇ ಕೊಳದೊಳಗಿನ ಮುಖದ ಕಥೆ ಶುರುಮಾಡುತ್ತಾನೆ.

ಗಟ್ಟಿಯಾಗಿ ಓದುವಾಗ ನಾಲ್ಕನೆಯ ಮತ್ತು ಒಂಬತ್ತನೆಯ ಸಾಲುಗಳು ಗಿಡ್ಡವಾಗಿರುವುದನ್ನು ಗಮನಿಸಿ, ಅಲ್ಲಿ ಅರೆಕ್ಷಣ ನಿಲ್ಲಿ. ಓಡಿಸಿದರೆ ಶಿಶುಗೀತೆಯಂತೆ ಕೇಳಿಸಿ ತರಗತಿ ನಗುತ್ತದೆ.

ಇನ್ನು ಆ ಹುಡುಗನ ಪ್ರಶ್ನೆ. ‘ಇಷ್ಟು ಜನ’ ನಿಖರವಾಗಿ ಏನು ಹೇಳುತ್ತಾರೆಂದು ಅವನಿಂದಲೇ ಕಪ್ಪುಹಲಗೆಯ ಮೇಲೆ ಬರೆಸಿ. ಕೆಲವರು ಮರಕ್ಕೆ ನೇಣು ಹಾಕಿದಳು ಎನ್ನುತ್ತಾರೆ, ಕೆಲವರು ಕೊಳದಲ್ಲಿ ಮುಳುಗಿಸಿದಳು ಎನ್ನುತ್ತಾರೆ. ಯಾರಾದರೂ ಕಂಡಿದ್ದರೆ ಒಂದೇ ಮಾತು ಬರಬೇಕಾಗಿದ್ದ ಕಡೆ ಮಾತು ಎರಡಾಗಿದೆ. ಅಗೆದು ನೋಡದ ಹೊರತು ಯಾರೂ ಹೇಳಲಾಗದ ಕಡೆ, ಅಂದರೆ ಹೂತ ಜಾಗದ ವಿಚಾರದಲ್ಲಿ, ಎಲ್ಲರದೂ ಒಂದೇ ಮಾತು. ನೇಣಿಗೆ ಮರ, ಮುಳುಗಿಸಲು ಕೊಳ, ಹೂಳಲು ದಿಬ್ಬ: ಬೆಟ್ಟದ ಮೇಲೆ ಇದ್ದದ್ದು ಈ ಮೂರೇ, ಕಥೆಯಲ್ಲಿ ಬಳಕೆಯಾದದ್ದೂ ಈ ಮೂರೇ. ಪಕ್ಕದಲ್ಲಿ ಒಂದು ಬಾವಿಯಿದ್ದಿದ್ದರೆ ಮೂರನೆಯ ಬಗೆಯ ಸಾವೂ ಹುಟ್ಟುತ್ತಿತ್ತೇ ಎಂದು ಅವನನ್ನು ಕೇಳಿ ನೋಡಿ.